ಮಾತು ಕೇಳದೆ ಕೊಡುವ ಟಿ.ಸಿ.

ಕಾಲೇಜಿನಿಂದ ಒಬ್ಬ ವಿದ್ಯಾರ್ಥಿಯನ್ನು ಹೊರಹಾಕುವ ಅಧಿಕಾರ ಯಾರದು? ಅದನ್ನು ಬಳಸುವ ಮುಂಚೆ ಏನು ಮಾಡಬೇಕು? ಹೊರಹಾಕಿದ್ದು ತಪ್ಪೆಂದು ಅನಿಸಿದರೆ ಆ ಹುಡುಗನೋ ಹುಡುಗಿಯೋ ಯಾರ ಬಾಗಿಲಿಗೆ ಹೋಗಬೇಕು? ಬೀದರ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನು ನಾನು. ಶಿಸ್ತು ಸಮಿತಿಗಳಲ್ಲಿಯೂ ಕುಳಿತಿದ್ದೇನೆ. ಈ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಎಲ್ಲರೂ ತಟ್ಟನೆ ಉತ್ತರ ಹೇಳುತ್ತಾರೆ. ಎರಡನೆಯದಕ್ಕೆ ಕೆಲವರು ತಡವರಿಸುತ್ತಾರೆ. ಮೂರನೆಯದನ್ನು ಕೇಳಿದರೆ, "ಅದೆಲ್ಲಾ ಯಾಕ ಬೇಕ್ರೀ ಸರ್, ತಪ್ಪು ಮಾಡ್ಯಾನ, ಹೋಗ್ಯಾನ" ಎಂಬ ಮಾತು ಬರುತ್ತದೆ.

ಈ ಪತ್ರಿಕೆ ಮಠಗಳಿಗೆ, ಮಠಗಳು ನಡೆಸುವ ಶಾಲೆ-ಕಾಲೇಜುಗಳಿಗೆ, ಅಲ್ಲಿನ ಆಡಳಿತ ಮಂಡಳಿಯವರಿಗೆ ತಲುಪುತ್ತದೆ. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಕಲ್ಯಾಣ ಕರ್ನಾಟಕದಲ್ಲಿ ಉನ್ನತ ಶಿಕ್ಷಣದ ದೊಡ್ಡ ಪಾಲು ಹೊತ್ತವರು ನಾವೇ. ಪ್ರವೇಶ ಕೊಡುವುದು ನಾವು, ಹಾಸ್ಟೆಲು ನಡೆಸುವುದು ನಾವು, ಹೊರಗೆ ಕಳಿಸುವುದೂ ನಾವು.

ಮೊದಲು ನಮ್ಮ ಕಡೆ ನಡೆಯುವ ರೀತಿ ಹೇಳುತ್ತೇನೆ. ಅಮಾನತು, ಡಿಬಾರು, ಉಚ್ಚಾಟನೆ ಎಂಬ ಪದಗಳು ಕಾಗದದ ಮೇಲೆ ಬರುವುದು ಅಪರೂಪ. ಬರುವುದು ಟಿ.ಸಿ. ತಂದೆಯನ್ನು ಕರೆಸುತ್ತಾರೆ. ಪ್ರಾಚಾರ್ಯರ ಕೋಣೆಯಲ್ಲಿ ನಿಲ್ಲಿಸುತ್ತಾರೆ. "ನೀವಾಗೇ ಟಿ.ಸಿ. ತಗೊಂಡು ಹೋಗ್ರಿ, ಇಲ್ಲಾಂದ್ರ ಹುಡುಗನ ಮ್ಯಾಲ ರಿಮಾರ್ಕ್ ಬರೀತೀವಿ" ಎನ್ನುತ್ತಾರೆ. ತಂದೆ ಹೆದರಿ ಅರ್ಜಿ ಬರೆದುಕೊಡುತ್ತಾನೆ. ದಾಖಲೆಯಲ್ಲಿ ಆ ವಿದ್ಯಾರ್ಥಿ ಸ್ವಇಚ್ಛೆಯಿಂದ ಕಾಲೇಜು ಬಿಟ್ಟವನಾಗುತ್ತಾನೆ. ಶಿಕ್ಷೆ ಆಗಿದೆ, ಶಿಕ್ಷೆಯ ಆದೇಶ ಇಲ್ಲ. ಆದೇಶವೇ ಇಲ್ಲದ ಮೇಲೆ ಮೇಲ್ಮನವಿ ಯಾವುದರ ವಿರುದ್ಧ ಹಾಕುವುದು? ಇದನ್ನು ದಯೆ ಎಂದು ತಿಳಿದ ಪ್ರಾಚಾರ್ಯರೂ ಇದ್ದಾರೆ. ಹುಡುಗನ ಮುಂದಿನ ದಾರಿ ಕೆಡಬಾರದೆಂಬ ಕಾಳಜಿ ಕೆಲವರಲ್ಲಿ ನಿಜವಾಗಿಯೂ ಇರುತ್ತದೆ, ಇಲ್ಲವೆನ್ನಲಾರೆ. ಆದರೆ ತಪ್ಪು ಮಾಡದವನಿಗೆ ಆ ದಯೆಯಿಂದ ಆಗುವ ಪ್ರಯೋಜನವೇನು?

ಕೆಲವು ವರ್ಷಗಳ ಹಿಂದಿನ ಮಾತು. ಔರಾದ ತಾಲ್ಲೂಕಿನ ಹಳ್ಳಿಯೊಂದರ ಕೂಲಿಕಾರ ನನ್ನ ಮನೆಗೆ ಬಂದಿದ್ದ. ಮಗಳು ಬಿ.ಎಸ್ಸಿ. ಎರಡನೇ ವರ್ಷ, ಹಾಸ್ಟೆಲಿನಲ್ಲಿದ್ದಳು. ಊರಿಗೆ ಹೋಗಿ ಬರುವಾಗ ಮೂರು ಸಲ ಹೊತ್ತು ಮೀರಿ ಬಂದಳೆಂದು ಹಾಸ್ಟೆಲಿನಿಂದ ತೆಗೆದಿದ್ದರು. ಸಂಜೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಊರು ಅದು. ಅದನ್ನು ಹೇಳಲು ಹುಡುಗಿಗೆ ಅವಕಾಶ ಸಿಕ್ಕಿರಲಿಲ್ಲ. ತಂದೆ ನನ್ನ ಮುಂದೆ ಇಟ್ಟದ್ದು ಒಂದೇ ಮಾತು: "ತಪ್ಪು ಇದ್ರ ಶಿಕ್ಷಾ ಮಾಡ್ರಿ ಸರ್, ಖರೆ ಆಕಿ ಮಾತು ಒಂದು ಸಲ ಕೇಳ್ರಿ." ಕಾಲೇಜಿನಿಂದ ಅವಳನ್ನು ತೆಗೆದಿರಲಿಲ್ಲ, ನಿಜ. ಆದರೆ ದಿನಾ ಬಂದು ಹೋಗಲಾಗದ ಊರಿನ ಹುಡುಗಿಗೆ ಹಾಸ್ಟೆಲು ಹೋದರೆ ಕಾಲೇಜೂ ಹೋದಂತೆ. ಹೋಯಿತು. ಅದೇ ವಾರ ಅದೇ ಆವರಣದಲ್ಲಿ ಕಿರಿಯನೊಬ್ಬನ ತುಟಿ ಒಡೆಯುವಂತೆ ಹೊಡೆದ ಇನ್ನೊಬ್ಬ ಹುಡುಗ ಮೂರನೇ ದಿನಕ್ಕೆ ಕ್ಲಾಸಿಗೆ ಬಂದು ಕುಳಿತಿದ್ದ. ಅವನ ಪರವಾಗಿ ಎಲ್ಲಿಂದಲೋ ಫೋನು ಬಂದಿತ್ತು.

ಆ ಫೋನು ನಮ್ಮ ಭಾಗದ ಮೇಲ್ಮನವಿ. ಮುಖಂಡರಿಂದ ಹೇಳಿಸುವುದು, ಆಡಳಿತ ಮಂಡಳಿಯ ಸದಸ್ಯರ ಮನೆಗೆ ಹೋಗುವುದು, ಕೊನೆಗೆ ಮಠಕ್ಕೆ ಬಂದು ಅಪ್ಪಾವರ ಪಾದ ಹಿಡಿಯುವುದು. ಪೂಜ್ಯರು ಕರುಣಾಳುಗಳು, ಒಂದು ಮಾತು ಹೇಳುತ್ತಾರೆ, ಕೆಲಸ ಆಗುತ್ತದೆ. ಇದನ್ನು ತಪ್ಪೆಂದು ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಹೇಳಬೇಕು. ಮಠದ ಬಾಗಿಲವರೆಗೆ ಬರುವ ದಾರಿ ಗೊತ್ತಿದ್ದವನಿಗೆ ಮಾತ್ರ ನ್ಯಾಯ ಸಿಕ್ಕರೆ ಗೊತ್ತಿಲ್ಲದವನ ಗತಿ ಏನು? ಹಕ್ಕಾಗಿ ಸಿಗಬೇಕಾದದ್ದನ್ನು ಕರುಣೆಯಾಗಿ ಕೊಟ್ಟಾಗ ಪಡೆದವನು ಋಣಿಯಾಗುತ್ತಾನೆ, ಪಡೆಯದವನು ಅನಾಥನಾಗುತ್ತಾನೆ. ಅನುಭವ ಮಂಟಪವನ್ನು ನಮ್ಮದೆಂದು ಹೇಳಿಕೊಳ್ಳುವವರು ನಾವು. ಅಲ್ಲಿಗೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮರು ಕಠಿಣವಾಗಿಯೇ ಪ್ರಶ್ನಿಸಿದರೆಂದು ಪರಂಪರೆ ಹೇಳುತ್ತದೆ. ಅಕ್ಕ ಉತ್ತರಿಸಿದರು, ಸಭೆ ಕೇಳಿಸಿಕೊಂಡಿತು. ಯಾರ ಶಿಫಾರಸೂ ಅಲ್ಲಿ ನಡೆಯಲಿಲ್ಲ.

ಕಾನೂನು ಏನು ಹೇಳುತ್ತದೆ? ನಾನು ವಕೀಲನಲ್ಲ. ಆದರೆ ಶಿಸ್ತು ಸಮಿತಿಯಲ್ಲಿ ಕೂರುವ ಪ್ರತಿಯೊಬ್ಬ ಅಧ್ಯಾಪಕನೂ ಮೂರು ತೀರ್ಪುಗಳ ಕಥೆಯನ್ನಾದರೂ ತಿಳಿದಿರಬೇಕೆಂದು ನನ್ನ ಅಭಿಪ್ರಾಯ.

ಮೊದಲನೆಯದು ಉತ್ತರ ಪ್ರದೇಶದ್ದು. 1954ರ ಇಂಟರ್ಮೀಡಿಯೇಟ್ ಪರೀಕ್ಷೆಯಲ್ಲಿ ಮೂವರು ಹುಡುಗರು ಪಾಸಾದರು. ತಿಂಗಳುಗಳಾದ ಮೇಲೆ, ನೀವು ನಕಲು ಮಾಡಿದ್ದೀರಿ, ಫಲಿತಾಂಶ ರದ್ದು, ಮುಂದಿನ ವರ್ಷವೂ ಪರೀಕ್ಷೆಗೆ ಕೂರುವಂತಿಲ್ಲ ಎಂಬ ಸುದ್ದಿ ಕಾಲೇಜಿನ ಮೂಲಕ ಬಂತು. ಮಂಡಳಿಯವರು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಕೇಳಬೇಕೆಂದು ನಮ್ಮ ನಿಯಮಾವಳಿಯಲ್ಲಿ ಎಲ್ಲಿಯೂ ಬರೆದಿಲ್ಲ ಎಂಬುದು ಮಂಡಳಿಯ ವಾದ. ಸುಪ್ರೀಂ ಕೋರ್ಟು 1962ರಲ್ಲಿ ಆ ವಾದವನ್ನು ತಳ್ಳಿಹಾಕಿತು. ವಿದ್ಯಾರ್ಥಿಯ ಬದುಕಿನ ಮೇಲೆ ಇಷ್ಟು ದೊಡ್ಡ ಪರಿಣಾಮ ಮಾಡುವ ತೀರ್ಮಾನ ಕೈಗೊಳ್ಳುವವರು ನ್ಯಾಯಾಧೀಶರಂತೆ ನಡೆದುಕೊಳ್ಳಬೇಕು, ಆರೋಪ ತಿಳಿಸಿ ಉತ್ತರ ಪಡೆಯಲೇಬೇಕು ಎಂಬುದು ಆ ತೀರ್ಪಿನ ಸಾರ. ಅರವತ್ತು ವರ್ಷ ದಾಟಿದೆ. ನಿಯಮಾವಳಿಯಲ್ಲಿ ಬರೆದಿಲ್ಲವೆಂಬ ಮಾತನ್ನು ನಾನು ಈಚಿನವರೆಗೂ ಕೇಳಿದ್ದೇನೆ.

ಎರಡನೆಯದು ಕೇರಳದ್ದು, 1968ರದು. ಪರೀಕ್ಷೆಯಲ್ಲಿ ಅಕ್ರಮದ ಆರೋಪ ಹೊತ್ತ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ, ವಿಚಾರಣಾ ವರದಿಯ ಪ್ರತಿ ನನಗೆ ಕೊಟ್ಟಿಲ್ಲವೆಂದು ಕೋರ್ಟಿಗೆ ಹೋದ. ಅವನಿಗೆ ಆರೋಪ ತಿಳಿದಿತ್ತು, ತನ್ನ ಮಾತು ಹೇಳಲು ನ್ಯಾಯವಾದ ಅವಕಾಶ ಸಿಕ್ಕಿತ್ತು. ಅಷ್ಟು ಆಗಿದ್ದರೆ ಸಾಕು ಎಂದು ಕೋರ್ಟು ವಿಶ್ವವಿದ್ಯಾಲಯದ ಪರ ನಿಂತಿತು. ಕಾಲೇಜು ಕೋರ್ಟಲ್ಲ, ವಕೀಲರು, ಪಾಟೀಸವಾಲು ಎಲ್ಲಾ ಬೇಕಿಲ್ಲ ಎಂಬ ಧೈರ್ಯ ಈ ತೀರ್ಪಿನಿಂದ ನಮಗೆ ಸಿಗುತ್ತದೆ.

ಮೂರನೆಯದರ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ರಾಂಚಿಯ ವೈದ್ಯಕೀಯ ಕಾಲೇಜು, 1972ರ ಜೂನ್ ತಿಂಗಳ ರಾತ್ರಿ. ಕೆಲವು ಹುಡುಗರು ಹೆಣ್ಣುಮಕ್ಕಳ ಹಾಸ್ಟೆಲಿಗೆ ನುಗ್ಗಿ ಅಸಹ್ಯವಾಗಿ ನಡೆದುಕೊಂಡರು. 36 ವಿದ್ಯಾರ್ಥಿನಿಯರು ಪ್ರಾಚಾರ್ಯರಿಗೆ ದೂರು ಕೊಟ್ಟರು. ಮೂವರು ಪ್ರಾಧ್ಯಾಪಕರ ಸಮಿತಿ ಹುಡುಗಿಯರ ಹೇಳಿಕೆಯನ್ನು ಆರೋಪಿಗಳ ಎದುರಿಗೆ ಪಡೆಯಲಿಲ್ಲ, ಬೇರೆಯಾಗಿ ಪಡೆಯಿತು. ಆರೋಪಿಗಳ ಭಾವಚಿತ್ರಗಳನ್ನು ಬೇರೆಯವರ ಚಿತ್ರಗಳ ಜೊತೆ ಬೆರೆಸಿ ಗುರುತಿಸಲು ಹೇಳಿತು. ಆಮೇಲೆ ಹುಡುಗರನ್ನು ಕರೆಸಿ, ಆರೋಪ ತಿಳಿಸಿ, ಅವರ ಉತ್ತರ ಪಡೆಯಿತು. ಎರಡು ವರ್ಷ ಕಾಲೇಜಿನಿಂದ ಹೊರಹಾಕಿದರು. ಸಾಕ್ಷಿ ಹೇಳಿದವರು ಯಾರೆಂದು ನಮಗೆ ತಿಳಿಸಲಿಲ್ಲ, ಪ್ರಶ್ನೆ ಕೇಳಲು ಬಿಡಲಿಲ್ಲ ಎಂದು ಹುಡುಗರು ಸುಪ್ರೀಂ ಕೋರ್ಟಿನವರೆಗೂ ಹೋದರು. 1973ರಲ್ಲಿ ಕೋರ್ಟು ಕಾಲೇಜಿನ ಕ್ರಮವನ್ನು ಎತ್ತಿಹಿಡಿಯಿತು. ಆ ಹೆಣ್ಣುಮಕ್ಕಳನ್ನು ಆರೋಪಿಗಳ ಎದುರು ನಿಲ್ಲಿಸಿದ್ದರೆ ಅವರು ಮತ್ತೆ ಕ್ಯಾಂಪಸ್ಸಿನಲ್ಲಿ ನಿರ್ಭಯವಾಗಿ ಓಡಾಡುವುದು ಕಷ್ಟವಾಗುತ್ತಿತ್ತು ಎಂಬುದನ್ನು ನ್ಯಾಯಾಲಯ ಅರ್ಥಮಾಡಿಕೊಂಡಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ವಿಚಾರಣೆ, ಮೇಲ್ಮನವಿ ಎಂದೊಡನೆ ನಮ್ಮ ಪ್ರಾಚಾರ್ಯರು ಹುಬ್ಬು ಗಂಟಿಕ್ಕುತ್ತಾರೆ. ಗೂಂಡಾಗಿರಿ ಮಾಡುವವರಿಗೆ ಇದು ರಕ್ಷಣೆಯಾಗುತ್ತದೆ, ದೂರು ಕೊಟ್ಟವರು ನಲುಗುತ್ತಾರೆ ಎನ್ನುತ್ತಾರೆ. ರಾಂಚಿಯ ಆ ಮೂವರು ಪ್ರಾಧ್ಯಾಪಕರು ಎರಡನ್ನೂ ಒಟ್ಟಿಗೆ ನಿಭಾಯಿಸಿದರು. ಮೊಬೈಲು, ಕ್ಯಾಮೆರಾ ಯಾವುದೂ ಇಲ್ಲದ ಕಾಲದಲ್ಲಿ, ಒಂದಷ್ಟು ಭಾವಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು.

ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. 2009ರ ಮಾರ್ಚಿನಲ್ಲಿ ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಮೊದಲ ವರ್ಷದ ಹುಡುಗನೊಬ್ಬ ಸತ್ತ. ಅದೇ ವರ್ಷ ಯುಜಿಸಿಯ ರ್‍ಯಾಗಿಂಗ್ ತಡೆ ನಿಯಮಗಳು ಬಂದವು. ನಮ್ಮ ಪಕ್ಕದ ಕಲಬುರಗಿಯ ನರ್ಸಿಂಗ್ ಕಾಲೇಜೊಂದರಲ್ಲಿ ಕೇರಳದ ಬಡ ದಲಿತ ಹುಡುಗಿಗೆ ಹಿರಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ಆರೋಪ 2016ರಲ್ಲಿ ಕೇಳಿಬಂತು. ದೂರು ಮೊದಲು ದಾಖಲಾದದ್ದು ಕಲಬುರಗಿಯಲ್ಲಲ್ಲ, ಚಿಕಿತ್ಸೆಗೆ ಹೋದ ಕೋಯಿಕ್ಕೋಡಿನಲ್ಲಿ. ರ್‍ಯಾಗಿಂಗ್ ನಡೆದರೆ 24 ಗಂಟೆಯೊಳಗೆ ಪೊಲೀಸರಿಗೆ ದೂರು ಕೊಡಬೇಕೆಂದು 2009ರ ನಿಯಮವೇ ಸಂಸ್ಥೆಯ ಮುಖ್ಯಸ್ಥರಿಗೆ ಹೇಳುತ್ತದೆ. ಎಷ್ಟು ಕಡೆ ಹೆಸರು ಕೆಡುತ್ತದೆಂದು ಮುಚ್ಚಿಹಾಕುವುದಿಲ್ಲ! ಹಾಗೆ ಮುಚ್ಚಿಹಾಕಿದಾಗ ಮೇಲ್ಮನವಿ ಬೇಕಾಗುವುದು ಆರೋಪಿಗಲ್ಲ, ಏಟು ತಿಂದವನಿಗೆ. ಇದನ್ನು ನಾವು ಮರೆಯುತ್ತೇವೆ.

ಆ ನಿಯಮಗಳಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವೂ ಇದೆ. ತಪ್ಪಿತಸ್ಥರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆ ಕೊಡಬೇಕಂತೆ. ನೋಡಿದ್ದೂ ಬಾಯಿ ಬಿಡದವರಿಗೆ ಬಿಸಿ ಮುಟ್ಟಲಿ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಆದರೆ ಹಾಸ್ಟೆಲಿನ ಒಂದು ಸಾಲಿನ ಕೋಣೆಗಳವರಿಗೆಲ್ಲ ಶಿಕ್ಷೆ ಕೊಟ್ಟರೆ ಆ ರಾತ್ರಿ ಜ್ವರದಿಂದ ಮಲಗಿದ್ದವನೂ ಅದರಲ್ಲಿ ಸೇರುತ್ತಾನೆ. ಅವನಿಗಾದರೂ ಮೇಲೆ ಹೋಗಿ ಹೇಳಿಕೊಳ್ಳುವ ದಾರಿ ಇರಬೇಡವೇ? ಇದೆ. ಅದೇ ನಿಯಮ, ಸಂಯೋಜಿತ ಕಾಲೇಜಿನ ಆದೇಶದ ಮೇಲೆ ವಿಶ್ವವಿದ್ಯಾಲಯದ ಕುಲಪತಿಗಳಿಗೆ ಮೇಲ್ಮನವಿ ಸಲ್ಲಿಸಬಹುದೆಂದು ಹೇಳುತ್ತದೆ. ಪ್ರತಿ ವರ್ಷ ರ್‍ಯಾಗಿಂಗ್ ಮಾಡುವುದಿಲ್ಲವೆಂದು ವಿದ್ಯಾರ್ಥಿಯಿಂದಲೂ ಪಾಲಕರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುತ್ತೇವೆ. ಕೊಡಬಹುದಾದ ಶಿಕ್ಷೆಗಳನ್ನು ದೊಡ್ಡ ಫ್ಲೆಕ್ಸಿನಲ್ಲಿ ಗೇಟಿಗೆ ಕಟ್ಟುತ್ತೇವೆ. ಮೇಲ್ಮನವಿಯ ಸಾಲನ್ನು ಮಾತ್ರ ಯಾವ ಫ್ಲೆಕ್ಸಿನಲ್ಲಿಯೂ ನಾನು ಕಂಡಿಲ್ಲ.

ಲೈಂಗಿಕ ಕಿರುಕುಳದ ದೂರುಗಳಿಗೆ ಬೇರೆ ದಾರಿಯಿದೆ. 2015ರ ಯುಜಿಸಿ ನಿಯಮದಂತೆ ಆಂತರಿಕ ದೂರು ಸಮಿತಿ ಇರಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು, ಸಮಿತಿಯ ಶಿಫಾರಸು ಒಪ್ಪದವರು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಉಳಿದ ಅನೇಕ ಅಹವಾಲುಗಳಿಗೆ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮ ಬಂದಿದೆ. ಪ್ರತಿ ಸಂಸ್ಥೆಯಲ್ಲಿ ಒಂದು ಸಮಿತಿ. ಅದರಲ್ಲಿ ಒಬ್ಬ ಮಹಿಳೆಯಾದರೂ, ಪರಿಶಿಷ್ಟ ಅಥವಾ ಹಿಂದುಳಿದ ವರ್ಗದ ಒಬ್ಬರಾದರೂ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ. ಸಮಾಧಾನವಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಬಳಿಗೆ ಮೇಲ್ಮನವಿ. ಆ ಸ್ಥಾನದಲ್ಲಿ ನಿವೃತ್ತ ಕುಲಪತಿಯೋ, ಹಿರಿಯ ನಿವೃತ್ತ ಪ್ರಾಧ್ಯಾಪಕರೋ, ಮಾಜಿ ಜಿಲ್ಲಾ ನ್ಯಾಯಾಧೀಶರೋ ಕೂರುತ್ತಾರೆ. ಶುಲ್ಕಕ್ಕಾಗಿ ಮೂಲ ಅಂಕಪಟ್ಟಿ ತಡೆಹಿಡಿಯುವುದನ್ನೂ ಈ ನಿಯಮ ಕುಂದುಕೊರತೆಯೆಂದೇ ಎಣಿಸುತ್ತದೆ. ಬಾಕಿ ಉಳಿದ ಶುಲ್ಕದ ಹೆಸರಲ್ಲಿ ಕಾಗದ ಹಿಡಿದಿಟ್ಟುಕೊಳ್ಳುವ ಸಂಸ್ಥೆಗಳು ಇದನ್ನೊಮ್ಮೆ ಓದಲಿ.

ಕಾಗದದ ಮೇಲೆ ಎಲ್ಲಾ ಚೆಂದ. ಭಾಲ್ಕಿಯ ಹುಡುಗನಿಗೆ ಇದು ಎಷ್ಟು ದೂರ ಎನ್ನುವುದು ಬೇರೆ ಮಾತು. ಪದವಿ ಕಾಲೇಜಿನವನಾದರೆ ಹಿಂದೆ ಕಲಬುರಗಿಗೆ ಹೋಗಬೇಕಿತ್ತು. 2023ರಲ್ಲಿ ಬೀದರ ವಿಶ್ವವಿದ್ಯಾಲಯ ಶುರುವಾದ ಮೇಲೆ ಆ ದಾರಿ ಹತ್ತಿರವಾಗಿದೆ. ಇಂಜಿನಿಯರಿಂಗ್ ಓದುವವನ ಕುಲಪತಿ ಬೆಳಗಾವಿಯಲ್ಲಿ, ನರ್ಸಿಂಗ್ ಓದುವವಳ ಕುಲಪತಿ ಬೆಂಗಳೂರಿನಲ್ಲಿ. ಇನ್ನು ಪಿಯುಸಿ ಮಕ್ಕಳಿಗೆ ಯುಜಿಸಿ ನಿಯಮ ಯಾವುದೂ ಅನ್ವಯಿಸುವುದಿಲ್ಲ. ಟಿ.ಸಿ. ಕೊಟ್ಟು ಕಳಿಸುವುದು ಅಲ್ಲಿಯೇ ಹೆಚ್ಚು ಎಂಬುದು ನನ್ನ ಅನುಭವ. ಫಲಿತಾಂಶದ ಶೇಕಡಾವಾರು ಕಾಪಾಡಿಕೊಳ್ಳಲು, ಹಿಂದುಳಿದ ಹುಡುಗನಿಗೆ ಅಶಿಸ್ತಿನ ಹಣೆಪಟ್ಟಿ ಅಂಟಿಸಿ ಸಾಗಹಾಕುವುದೂ ನಡೆಯುತ್ತದೆ. ಆ ಪಾಲಕರು ಬೀದರಿನಲ್ಲಿರುವ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಬರೆದುಕೊಡಬಹುದು. ಹದಿನೆಂಟು ತುಂಬದ ಮಗುವಿಗೆ ಹಿಂಸೆಯಾಗಿದ್ದರೆ 1098ಕ್ಕೆ ಕರೆ ಮಾಡಬಹುದು. ಇಷ್ಟನ್ನಾದರೂ ಹಳ್ಳಿಯ ನಮ್ಮ ಜನರಿಗೆ ಹೇಳುವವರು ಬೇಕು.

ಬಾಗಿಲಲ್ಲಿ ನಿಂತವನು ಕೊಟ್ಟ ಆದೇಶವನ್ನು ಅಲ್ಲಿಯೇ ಪ್ರಶ್ನಿಸಲು ದಾರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಬೀದರ ಜಿಲ್ಲೆ ಈಚೆಗೆ ಕಂಡಿದೆ. 2025ರ ಏಪ್ರಿಲ್ 17ರಂದು ಸಿಇಟಿ ಕೇಂದ್ರವೊಂದರಲ್ಲಿ ಜನಿವಾರ ತೆಗೆಯಲು ಒಪ್ಪದ ಹುಡುಗನನ್ನು ಗಣಿತ ಪರೀಕ್ಷೆಗೆ ಬಿಡಲಿಲ್ಲ. ಅದನ್ನು ತೆಗೆಸಬೇಕೆಂದು ಪರೀಕ್ಷಾ ಪ್ರಾಧಿಕಾರದ ನಿಯಮದಲ್ಲಿ ಇರಲೇ ಇಲ್ಲ. ಆ ಹುಡುಗ ತಪ್ಪು ಮಾಡಿದವನೂ ಅಲ್ಲ. ರಾಜ್ಯದ ತುಂಬ ಗದ್ದಲವಾಯಿತು. ಕೆಲವೇ ದಿನಗಳಲ್ಲಿ ಪ್ರಾಚಾರ್ಯರನ್ನೂ ಒಬ್ಬ ನೌಕರರನ್ನೂ ಕೆಲಸದಿಂದ ತೆಗೆದರು. ಭಾಲ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಚಿತ ಸೀಟು ಕೊಡುವುದಾಗಿ ಸಚಿವ ಈಶ್ವರ ಖಂಡ್ರೆಯವರು ಹೇಳಿದರು. ಜನಿವಾರದ ಬಗ್ಗೆ ನಮ್ಮ ಓದುಗರ ವಿಚಾರ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದರೆ ನಾಳೆ ಅದೇ ಬಾಗಿಲಲ್ಲಿ ನಿಮ್ಮ ಮಗಳ ಕೊರಳಿನ ಇಷ್ಟಲಿಂಗದ ಕರಡಿಗೆ ತೆಗೆ ಎಂದರೆ? ಆ ಹೊತ್ತಿಗೆ ಒಂದು ಫೋನು ಮಾಡಿ ನಿಯಮ ಏನೆಂದು ಕೇಳುವವರು ಅಲ್ಲಿ ಒಬ್ಬರಿದ್ದಿದ್ದರೆ ಹುಡುಗನ ಪರೀಕ್ಷೆಯೂ ಉಳಿಯುತ್ತಿತ್ತು, ಆ ಇಬ್ಬರ ಅನ್ನವೂ ಉಳಿಯುತ್ತಿತ್ತು. ಶಿಕ್ಷೆ ಕೊಡುವುದರಲ್ಲಿ ಇದ್ದ ಅವಸರವೇ ಕೆಲಸದಿಂದ ತೆಗೆಯುವುದರಲ್ಲಿಯೂ ಕಂಡದ್ದು ನನಗೆ ಹಿತವೆನಿಸಲಿಲ್ಲ.

ನಮ್ಮ ಸಂಸ್ಥೆಗಳು ಸರ್ಕಾರಕ್ಕೆ ಕಾಯಬೇಕಿಲ್ಲ. ಯಾವ ವಿದ್ಯಾರ್ಥಿಯನ್ನೂ ಬರವಣಿಗೆಯ ಆದೇಶವಿಲ್ಲದೆ ಹೊರಹಾಕುವುದಿಲ್ಲ ಎಂದು ಆಡಳಿತ ಮಂಡಳಿ ಒಂದು ಠರಾವು ಮಾಡಿದರೆ ಅರ್ಧ ಕೆಲಸ ಮುಗಿಯಿತು. ಆದೇಶ ಬರೆಯಬೇಕಾದಾಗ ಕಾರಣ ಬರೆಯಬೇಕಾಗುತ್ತದೆ. ಕಾರಣ ಬರೆಯುವಾಗ ಕೈ ತಾನಾಗಿಯೇ ತಡೆಯುತ್ತದೆ. ಅದು ಕನ್ನಡದಲ್ಲಿಯೇ ಇರಲಿ, ಗಡಿಯ ಕಡೆಯ ಮನೆಗಳಿಗೆ ಬೇಕಾದರೆ ಮರಾಠಿಯಲ್ಲಿ, ಉರ್ದುವಿನಲ್ಲಿ ಓದಿ ಹೇಳಲಿ. ಆರೋಪ ತಿಳಿಸಿದ ದಿನವೇ ಉತ್ತರ ಕೇಳಬಾರದು, ನಾಲ್ಕು ದಿನ ಕೊಡಬೇಕು. ತಂದೆಯೋ ಅಣ್ಣನೋ ನಂಬಿಕೆಯ ಅಧ್ಯಾಪಕರೋ ಜೊತೆಗೆ ಕೂರಲಿ. ಮುಖ್ಯವಾದದ್ದು, ಶಿಕ್ಷೆ ಕೊಟ್ಟವರೇ ಮೇಲ್ಮನವಿ ಕೇಳಬಾರದು. ಅನೇಕ ಕಡೆ ಪ್ರಾಚಾರ್ಯರೇ ಶಿಸ್ತು ಸಮಿತಿಗೂ ಅಧ್ಯಕ್ಷರು, ಕುಂದುಕೊರತೆ ಸಮಿತಿಯ ಹಿಂದಿರುವವರೂ ಅವರೇ. ನಮ್ಮ ಮಠಗಳ ನಡುವೆ ಒಡನಾಟವಿದೆ. ಒಂದು ಸಂಸ್ಥೆಯ ಮೇಲ್ಮನವಿಯನ್ನು ಇನ್ನೊಂದು ಸಂಸ್ಥೆಯ ಇಬ್ಬರು ಹಿರಿಯ ಅಧ್ಯಾಪಕರು ಮತ್ತು ಊರಿನ ಒಬ್ಬ ನಿವೃತ್ತ ನ್ಯಾಯಾಂಗ ಅಧಿಕಾರಿ ಕೇಳಲಿ. ಖರ್ಚೆಂದರೆ ಚಹಾ ಮತ್ತು ಬಸ್ಸಿನ ಚಾರ್ಜು. ತೀರ್ಮಾನವಾಗುವವರೆಗೆ ಹಾಸ್ಟೆಲಿನ ಊಟ ನಿಲ್ಲಿಸಬಾರದು. ಬೇರೆಯವರಿಗೆ ಅಪಾಯವಿದ್ದರೆ ಬೇರೆ ಕಟ್ಟಡದಲ್ಲಿ ಇರಿಸಿ. 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲಿನಿಂದ ಹೊರಬಿದ್ದ ಐವರು ದಲಿತ ಸಂಶೋಧನಾ ವಿದ್ಯಾರ್ಥಿಗಳು ಬಯಲಲ್ಲಿ ಗುಡಾರ ಹಾಕಿ ಮಲಗಿದ್ದರು. ಅವರಲ್ಲಿ ರೋಹಿತ್ ವೇಮುಲ ಬದುಕಿ ಉಳಿಯಲಿಲ್ಲ. ಬೀದರಿನಿಂದ ಹೈದರಾಬಾದು ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಈ ಪದ್ಧತಿಯಿಂದ ಶಿಸ್ತು ಸಡಿಲವಾಗುತ್ತದೆ ಎನ್ನುವ ಮಿತ್ರರಿದ್ದಾರೆ. ಸಡಿಲ ಮಾಡಿದ್ದು ಮೇಲ್ಮನವಿಯಲ್ಲ, ಫೋನು. ಯಾರನ್ನು ಬಿಟ್ಟರು, ಯಾರನ್ನು ಕಳಿಸಿದರು ಎಂಬುದನ್ನು ಮಕ್ಕಳು ಲೆಕ್ಕ ಇಟ್ಟಿರುತ್ತಾರೆ. ಬರವಣಿಗೆಯಲ್ಲಿ ಬಂದ ಆದೇಶವನ್ನು ಮೇಲಿನ ಸಮಿತಿಯೂ ಎತ್ತಿಹಿಡಿದರೆ ಆಮೇಲೆ ಯಾವ ಮುಖಂಡರ ಕರೆಗೂ ಪ್ರಾಚಾರ್ಯರು ನಿಶ್ಚಿಂತೆಯಿಂದ ಉತ್ತರ ಹೇಳಬಹುದು. ಒತ್ತಡದಲ್ಲಿ ಬೆಂದ ಪ್ರಾಚಾರ್ಯರನ್ನು ನಾನು ಬಲ್ಲೆ. ಅವರಿಗೂ ಇದರಿಂದ ಉಸಿರಾಡಲು ಜಾಗ ಸಿಗುತ್ತದೆ.

ಇನ್ನೊಂದು ಮಾತು ನೆನಪಾಗುತ್ತದೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಲಿಂಗೈಕ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ನಾವು ಪ್ರತಿ ಸಮಾರಂಭದಲ್ಲಿ ಅಭಿಮಾನದಿಂದ ಹೇಳುತ್ತೇವೆ. ಅಂದಿನ ಸರ್ಕಾರದ ಕಣ್ಣಿನಲ್ಲಿ ಅದೂ ನಿಯಮಭಂಗವೇ. ನಿಯಮ ಮೀರಿದವನ ಬಳಿ ಒಂದು ಕಾರಣ ಇರಬಹುದು, ಕೇಳಿದರಲ್ಲವೇ ಗೊತ್ತಾಗುವುದು.

ಪ್ರವೇಶಕ್ಕೆ ಕನಿಷ್ಠ 60 ದಿನ ಮೊದಲು ಪ್ರಾಸ್ಪೆಕ್ಟಸ್ ಪ್ರಕಟಿಸಬೇಕೆಂದು ಯುಜಿಸಿ ಹೇಳುತ್ತದೆ. ಅದರಲ್ಲಿ ಸಂಸ್ಥೆಯ ಸಾಧನೆಗಳಿಗೆ, ಗಣ್ಯರ ಭಾವಚಿತ್ರಗಳಿಗೆ ಹತ್ತಾರು ಪುಟ ಹೋಗುತ್ತವೆ. ಮುಂದಿನ ವರ್ಷದ ಪ್ರತಿಯನ್ನು ಅಚ್ಚಿಗೆ ಕೊಡುವ ಮುಂಚೆ ಅರ್ಧ ಪುಟ ಬಿಡಿಸಿಕೊಳ್ಳಿ: ಮೇಲ್ಮನವಿಯನ್ನು ಯಾರಿಗೆ ಬರೆಯಬೇಕು, ಎಷ್ಟು ದಿನದೊಳಗೆ, ಯಾವ ಕೋಣೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು.